ಹಾಸಿಗೆ, ಛತ್ರಿ, ಮಾತ್ರೆ

ಚಾಮರಾಜಪುರಂ

ನಾಗಮಣಿಯಮ್ಮನವರಿಗೆ ನಮಸ್ಕಾರ.

ಸೂತಕದ ಮನೆಗೆ ಬಂದು ಕೇಳುವ ಮಾತಲ್ಲವೆಂದು ಬರೆಯುತ್ತಿದ್ದೇನೆ. ನಿಮ್ಮ ಯಜಮಾನರಿಗೂ ನನ್ನ ಮಗಳು ಲಹರಿಗೂ ಫಿಟ್ಸ್‌ಗೆ ಒಂದೇ ಮಾತ್ರೆ. ಎರಡು ತಿಂಗಳಿಂದ ಯಾವ ಮೆಡಿಕಲ್ ಶಾಪಿನಲ್ಲೂ ಅದು ಸಿಗುತ್ತಿಲ್ಲ. ಡಾಕ್ಟರು ಬದಲಿಗೆ ಬರೆದುಕೊಟ್ಟಿದ್ದಕ್ಕೆ ಅವಳ ಮೈಯೆಲ್ಲ ದದ್ದು. ಮೊನ್ನೆ ಬಸ್ಸಿನಲ್ಲೇ ಬಿದ್ದಳು.

ಸ್ಟಾಕು ನಿಲ್ಲುವ ಮುಂಚೆ ಅಂಗಡಿಯಲ್ಲಿ ಕೊನೆಗೆ ಉಳಿದಿದ್ದ ಹತ್ತೂ ಸ್ಟ್ರಿಪ್‌ಗಳನ್ನು ನಿಮ್ಮ ಯಜಮಾನರು ನನ್ನೆದುರಿಗೇ ಕೊಂಡರು. ಒಂದಾದರೂ ಕೊಡಿ ಎಂದೆ. "ನಂಗೇ ಸಾಲಲ್ಲ ಕಣಮ್ಮ" ಎಂದುಬಿಟ್ಟರು.

ನಾಳಿದ್ದು ಅವರ ಹೆಸರಿನಲ್ಲಿ ಹಾಸಿಗೆ, ಛತ್ರಿ, ಚಪ್ಪಲಿ ದಾನ ಕೊಡುತ್ತೀರಲ್ಲ, ಆ ಮಾತ್ರೆಗಳನ್ನೂ ಕೊಟ್ಟುಬಿಡಿ. ನಾನು ಊಟಕ್ಕೆ ಬರುವುದಿಲ್ಲ, ಗೇಟಿನ ಹತ್ತಿರ ನಿಂತಿರುತ್ತೇನೆ.

ಇನ್ನು ಅವರಿಗೆ ಸಾಲದೆ ಹೋಗುವುದಿಲ್ಲ.

ಇಂತಿ,
ಎದುರುಮನೆಯ ಪ್ರೇಮಲೀಲಾ