ಗಾಜಿಗೆ ಮೆತ್ತಿದ ಅಂಟು

ನವೆಂಬರ್ ೧೪, ಗುರುವಾರ. ಕ್ರಾಗುಯೆವಾತ್ಸ್, ಸರ್ಬಿಯಾ.

ಪುಟಾಣಿ ಕಾರಿನ ಮುಂದಿನ ಗಾಜು ಹಾಳಾಯಿತು. ಆದರೂ ಸಂತೋಷಕ್ಕೆ ನಿದ್ದೆ ಬರುತ್ತಿಲ್ಲ.

ಲಕ್ವ ಹೊಡೆದ ಮೇಲೆ ವುಕಾಶಿನ್ ನನ್ನನ್ನು ಬೈದೇ ಇಲ್ಲ. ಬೀನ್ಸ್ ಕಾಳಿನ ಸಾರಿಗೆ ಉಪ್ಪು ಹಾಕಲು ಮರೆತರೂ "ಹ್ಞೂ", ಚಳಿಯಲ್ಲಿ ಕಿಟಕಿ ತೆರೆದಿಟ್ಟರೂ "ಹ್ಞೂ". ಗಂಡನ ಜಾಗದಲ್ಲಿ ಯಾರೋ ನೆಂಟ ಬಂದು ಕೂತ ಹಾಗಿದೆ.

ಅವನು ಎಂದೋ ಅರ್ಧಕ್ಕೆ ಬಿಟ್ಟಿದ್ದ ಫಿಯಾಟ್ ಕಾರಿನ ಮಾದರಿಯನ್ನು ಮಂಚದಡಿಯಿಂದ ತೆಗೆದು ನಾನು ಜೋಡಿಸಲು ಕೂತದ್ದು ಅವನು ಏನಾದರೂ ಅನ್ನಲಿ ಅಂತಲೇ. ಬಿರುಕು ಬಿಟ್ಟ ಕೆಂಪು ಬಣ್ಣ ಕೆರೆದು ಹೊಸದು ಬಳಿದೆ. ಅವನು ಪಕ್ಕದಲ್ಲೇ ಕೂತು ಸುಮ್ಮನೆ ನೋಡಿದ. ಮದುವೆಯಾದ ವರ್ಷ ಅಂಥದೇ ಕಾರಿನಲ್ಲಿ ಸಮುದ್ರಕ್ಕೆ ಹೋಗಿದ್ದೆವು. ನನಗೆ ನಕ್ಷೆ ನೋಡಲು ಬರುವುದಿಲ್ಲವೆಂದು ದಾರಿಯುದ್ದಕ್ಕೂ ಬೈದಿದ್ದ. ಆ ದನಿಗಾಗಿ ಎಷ್ಟು ಹಂಬಲಿಸಿದ್ದೇನೆ!

ಇವತ್ತು ಸಂಜೆ ಗಾಜು ಕೂರಿಸುವಾಗ ಅಂಟು ಜಾಸ್ತಿಯಾಗಿ ಗಾಜೆಲ್ಲ ಮಬ್ಬಾಯಿತು.

"ಅಯ್ಯೋ ದೆಸಾಂಕಾ!" ನಾಲಿಗೆ ತೊದಲುತ್ತಿತ್ತು, ಆದರೆ ಸಿಟ್ಟು ಹಳೆಯದೇ. "ಅದು ಗಾಜು ಕಣೇ! ಜಾಮ್ ಮೆತ್ತೋಕೆ ಅದೇನು ಬ್ರೆಡ್ಡಾ?"

"ಹಂಗಾದ್ರೆ ನೀನೇ ಮಾಡು, ದೊಡ್ಡ ಮೇಸ್ತ್ರಿ!"

"ಕೊಡಿಲ್ಲಿ, ದಡ್ಡಿ."

ಎಡಗೈ ಚಾಚಿ ಗಾಜನ್ನು ಕಿತ್ತುಕೊಂಡ, ದೀಪಕ್ಕೆ ಹಿಡಿದು ನೋಡಿದ. ಅಡುಗೆಮನೆಗೆ ಹೋಗಿ ಅತ್ತು ಬಂದೆ. ಅಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚಿದ್ದ. ಊಟಕ್ಕೆ ಕರೆದರೆ ಮತ್ತೆ ಅದೇ "ಹ್ಞೂ".

ನಾಳೆ ಚಕ್ರಗಳ ಕೆಲಸ. ಒಂದನ್ನು ಬೇಕೆಂದೇ ಸೊಟ್ಟಗೆ ಅಂಟಿಸಿಬಿಟ್ಟರೆ...