ಹನ್ನೆರಡನೆಯ ಸಾಲು

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ನನ್ನ ಚಿನಕುರುಳಿ,

ನಿನ್ನ ಕಾಗದ ಸೋಮವಾರವೇ ಬಂತು. ಮೂರು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೆನ್ನುನೋವು ಎಂದು ಕಾರಣ ಕೊಡಬಹುದಿತ್ತು. ಬೆನ್ನು ಚೆನ್ನಾಗಿಯೇ ಇದೆ.

ನಮ್ಮ ಹಳೆಯ ಚರ್ಚಿನ ಸಭೆಯವರು ಹಂಚಿದ ಆ ಚೀಟಿಯನ್ನು ಕತ್ತರಿಸಿ ಕಾಗದಕ್ಕೆ ಅಂಟಿಸಿ ಕಳಿಸಿದ್ದೀಯ. ‘ಎಲ್ಲರಿಗೂ ತೆರೆದ ಬಾಗಿಲು. ಯಾರಿಗೂ ಯಾವ ಪ್ರಶ್ನೆಯೂ ಇಲ್ಲ.’ ಅದರ ಕೆಳಗೆ, ಈ ಭಾನುವಾರ ನಾವಿಬ್ಬರೂ ಬರಬೇಕೆಂದಿದ್ದೇವೆ ಎಂದು ಬರೆದು, ಕೊನೆಗೆ ಒಂದೇ ಒಂದು ಪದ: ‘ಬರಲಾ?’ ಅರವತ್ತೊಂದು ವರ್ಷದವಳು, ಮೊಮ್ಮಕ್ಕಳಿಗೆ ಗದರುವವಳು, ಇನ್ನೂ ಅಕ್ಕನ ಅಪ್ಪಣೆ ಕೇಳುತ್ತೀಯಲ್ಲ ಕಣೇ.

ಅದೇ ಚೀಟಿ ನನ್ನ ಬಾಗಿಲ ಕೆಳಗೂ ತೂರಿ ಬಂದಿತ್ತು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ‘ಎಲ್ಲರಿಗೂ’ ಎಂಬ ಪದ ಕಂಡ ಕೂಡಲೇ ಕಣ್ಣು ತಾನಾಗಿ ಪುಟದ ತಳಕ್ಕೆ ಹೋಗುತ್ತದೆ, ಅಲ್ಲಿ ಸಣ್ಣ ಅಕ್ಷರದಲ್ಲಿ ಏನು ಅಡಗಿದೆ ನೋಡಲು. ಇದರ ತಳದಲ್ಲಿ ಏನೂ ಇರಲಿಲ್ಲ. ಅದಕ್ಕೇ ನನ್ನ ಅನುಮಾನ ಹೆಚ್ಚಾಯಿತು.

ಕೋಪ ಮಾಡಿಕೊಳ್ಳಬೇಡ, ಒಂದು ವಿಷಯ ನಿನಗೆ ಹೇಳಿರಲಿಲ್ಲ. ಕಳೆದ ಮೂರು ಭಾನುವಾರ ನಾನು ಅಲ್ಲಿಗೆ ಹೋಗಿ ಬಂದೆ. ಪ್ರಾರ್ಥನೆಗೆ ಅಲ್ಲ, ತಪಾಸಣೆಗೆ. ನಿನ್ನನ್ನು ಹೊರಗಿಟ್ಟ ಮನೆಯೊಳಗೆ ಮೂವತ್ತೊಂದು ವರ್ಷ ಕಾಲಿಡದವಳು ಹೋದೆನೆಂದರೆ, ಅವರನ್ನು ಕೈಯಾರೆ ಹಿಡಿಯಲೆಂದೇ ಹೋದೆ.

ಹೊಸ್ತಿಲಲ್ಲಿ ಇಬ್ಬರು ನಿಂತಿದ್ದರು, ಒಬ್ಬಳು ಉದ್ದ ಜಡೆಯ ಹುಡುಗಿ, ಇನ್ನೊಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ನಕ್ಕು, ಹಾಡಿನ ಪುಸ್ತಕ ಕೈಗಿಟ್ಟರು. ‘ಯಾರ ಮಗಳು?’ ಎಂಬ ಪ್ರಶ್ನೆಗೆ ನಾನು ಬಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಇವರಿಗೆ ತರಬೇತಿ ಕೊಟ್ಟಿದ್ದಾರೆ ಎಂದುಕೊಂಡೆ. ಎಡಗಡೆಯ ಮೂರನೆಯ ಬೆಂಚು, ಅಪ್ಪ ಮೂಲೆ ಹಿಡಿದು ಕೂರುತ್ತಿದ್ದದ್ದು, ಈಗ ಇಲ್ಲ. ಗಾಲಿಕುರ್ಚಿಗಳಿಗೆಂದು ಅಲ್ಲಿ ಜಾಗ ಬಿಟ್ಟಿದ್ದಾರೆ. ಒಬ್ಬಾತ ಗಾಲಿಕುರ್ಚಿಯಲ್ಲಿ ಕೂತು ಶ್ರುತಿ ತಾಳ ಯಾವುದನ್ನೂ ಲೆಕ್ಕಿಸದೆ ಗಟ್ಟಿಯಾಗಿ ಹಾಡುತ್ತಿದ್ದ. ಒಬ್ಬರೂ ತಿರುಗಿ ನೋಡಲಿಲ್ಲ. ಕಿವಿ ಕೇಳದ ಗಂಡ ಹೆಂಡತಿಗೆ ಒಬ್ಬಳು ಪಾದ್ರಿಯ ಪ್ರಸಂಗವನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಆ ಕೈಗಳನ್ನೇ ನೋಡುತ್ತ ಕೂತು ನಾನು ಪ್ರಸಂಗ ಕೇಳುವುದನ್ನೇ ಮರೆತೆ. ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ತಪ್ಪು ಸಿಗದಿದ್ದರೆ ತಪ್ಪಿಲ್ಲವೆಂದಲ್ಲ, ಎರಡನೆಯ ಕರಡು ನೋಡಬೇಕು ಎಂದರ್ಥ.

ಬಿಲ್ಲೆಗಳನ್ನು ನಿಲ್ಲಿಸಿ ಹತ್ತೊಂಬತ್ತು ವರ್ಷವಾಯಿತಂತೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆದರೆ ನನ್ನ ಕೋಪ ನೆಟ್ಟಗೆ ಕೂರುತ್ತದೆ. ಪ್ರಭುಭೋಜನದ ಹಿಂದಿನ ಶನಿವಾರ ಸಂಜೆ ಸಭೆಯ ಹಿರಿಯರೊಬ್ಬರು ಮನೆಮನೆಗೆ ಬಂದು ತವರದ ಬಿಲ್ಲೆ ಕೊಡುತ್ತಿದ್ದರಲ್ಲ, ಒಂದು ಬದಿಗೆ ಮೀನು, ಇನ್ನೊಂದು ಬದಿಗೆ ನಮ್ಮ ನಮ್ಮ ಸಂಖ್ಯೆ. ಭಾನುವಾರ ಅದನ್ನು ಪೆಟ್ಟಿಗೆಗೆ ಹಾಕಿದವರಿಗೆ ಮಾತ್ರ ರೊಟ್ಟಿ, ದ್ರಾಕ್ಷಾರಸ. ಬಿಲ್ಲೆ ಬರದ ಮನೆಯ ಮುಂದೆ ಇಡೀ ಬೀದಿ ನಿಧಾನವಾಗಿ ನಡೆಯುತ್ತಿತ್ತು. ಆ ಪೆಟ್ಟಿಗೆ ಈಗಲೂ ಇದೆ. ಅದರಲ್ಲಿ ಪೆನ್ಸಿಲ್ ಇಟ್ಟಿದ್ದಾರೆ.

ಹೆಂಡತಿಯಿಂದ ವಿಚ್ಛೇದನ ಪಡೆದ ಗಡಿಯಾರ ರಿಪೇರಿಯವನನ್ನು ನೀನು ಮದುವೆಯಾದಾಗ ನಿನ್ನ ಬಿಲ್ಲೆ ನಿಂತಿತು. ಆಮೇಲೆ ನಾನು ಪತ್ರಿಕೆಗಳ ವಾಚಕರ ವಾಣಿಗೆ ಮೂರು ಸಲ ಬರೆದೆ. ‘ಒಬ್ಬ ಹೆಣ್ಣುಮಗಳ ಮುಖಕ್ಕೆ ಬಾಗಿಲು ಹಾಕಿದ ಸಭೆ’ ಎಂಬ ನನ್ನ ಸಾಲನ್ನು ಸಂಪಾದಕರು ತಲೆಬರಹವನ್ನಾಗಿಯೇ ಹಾಕಿದ್ದರು. ಆ ತುಂಡನ್ನು ನೀನು ಕಪಾಟಿನೊಳಗೆ ಅಂಟಿಸಿಕೊಂಡಿದ್ದೀಯ. ಅಕ್ಕ ನನಗೋಸ್ಕರ ಸಭೆಯನ್ನೇ ಬಿಟ್ಟಳು ಎಂದು ಬಂದವರಿಗೆಲ್ಲ ಹೇಳುತ್ತೀಯ. ಹೇಳಬೇಡ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನಿನಗಿಂತ ನಾಲ್ಕು ವರ್ಷ ಮೊದಲು ಅದೇ ನಿಯಮ ನನ್ನ ಮುಂದೆಯೂ ಬಂದು ನಿಂತಿತ್ತು. ಇದನ್ನೂ ನಿನಗೆ ಹೇಳಿರಲಿಲ್ಲ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು ನೆನಪಿದ್ದಾನಲ್ಲ, ಮಸಿ ಹತ್ತಿದ ಬೆರಳಿನಲ್ಲೇ ನಿನಗೆ ಪೆಪ್ಪರಮೆಂಟು ಕೊಡುತ್ತಿದ್ದವನು? ಅವನಿಗೂ ವಿಚ್ಛೇದನವಾಗಿತ್ತು. ನನ್ನನ್ನು ಕೇಳಿದ. ನಾನು ಹಿರಿಯರನ್ನು ಕೇಳಿದೆ. ಅವರು ಬೇಡವೆಂದರು, ನಾನು ಅವನಿಗೆ ಬೇಡವೆಂದೆ. ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ನನ್ನ ಬಿಲ್ಲೆ ಮಾತ್ರ ಒಂದು ಶನಿವಾರವೂ ತಪ್ಪಲಿಲ್ಲ.

ಇರಲಿ. ನಿನ್ನೆ ಬುಧವಾರ ಸಂಜೆ ಪಕ್ಕದ ಹಾಲ್‌ನಲ್ಲಿ ‘ನಮ್ಮ ಸಭೆ ಹೇಗಿರಬೇಕು’ ಎಂಬ ಚರ್ಚೆ ಇಟ್ಟಿದ್ದರು. ಈಗ ಪಾದ್ರಿಯಾಗಿರುವವಳು ಹಿಂದೆ ನರ್ಸ್ ಆಗಿದ್ದ ಹೆಂಗಸು. ನಿಲುವಂಗಿಯ ಕೆಳಗೆ ಕ್ಯಾನ್ವಾಸ್ ಶೂ ಹಾಕುತ್ತಾಳೆ, ವಾರ್ಡಿನಲ್ಲಿ ಯಾರೋ ಕರೆದಹಾಗೆ ಸರಸರ ನಡೆಯುತ್ತಾಳೆ. ಬಡಗಿಯೊಬ್ಬ ಇನ್ನೂ ಎರಡು ಬೆಂಚು ತೆಗೆಯೋಣ ಎಂದ. ವಾರದ ದಿನಗಳಲ್ಲೂ ಪಕ್ಕದ ಬಾಗಿಲಿಗೆ ಬೀಗ ಹಾಕಬಾರದು, ಸುಮ್ಮನೆ ಬಂದು ಅಳುವವರಿಗೆ ಬೇರೆ ಜಾಗವೇ ಇಲ್ಲ ಎಂದಳು ಒಬ್ಬ ಮೇಷ್ಟರಮ್ಮ. ಹೊಸಬರು ಬಂದರೆ ಎಲ್ಲರೂ ಮೇಲೆ ಬೀಳಬೇಡಿ, ನನಗೆ ಮೊದಲ ದಿನವೇ ಓಡಿಹೋಗುವ ಹಾಗಾಗಿತ್ತು ಎಂದು ಒಬ್ಬ ಹುಡುಗಿ ಹೇಳಿದಾಗ ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿದ. ಎಲ್ಲ ಒಳ್ಳೆಯ ಮಾತೇ. ಆದರೆ ಒಬ್ಬರ ಬಾಯಲ್ಲೂ ಹಿಂದಿನದು ಬರಲಿಲ್ಲ. ನನಗೆ ಮೈಯೆಲ್ಲ ಉರಿದು ಎದ್ದು ನಿಂತೆ.

“ಬಾಗಿಲು ತೆಗೆದಿದ್ದೀವಿ ಅಂತೀರಲ್ಲ, ಅದನ್ನ ಹಾಕಿದ್ದು ಯಾರು ಅಂತ ಮೊದಲು ಹೇಳಿ. ಗಾಳಿಗೆ ತಾನೇ ಹಾಕ್ಕೊಂಡಿತಾ?”

ಕೆಲವರು ನಕ್ಕರು. ಪಾದ್ರಿಯಮ್ಮ ನಗಲಿಲ್ಲ.

“ಗಾಳಿ ಅಲ್ಲ ಅಂತ ನನಗೂ ಗೊತ್ತು ಆಂಟಿ. ಆದರೆ ಆಗ ನಾನು ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ನಿಮಗೆ ಜ್ಞಾಪಕ ಇದೆಯಲ್ಲ, ನೀವೇ ಬರೆದುಕೊಡಿ.”

ಹಾಳೆಯೊಂದರ ನಡುವೆ ಗೆರೆ ಎಳೆದು ನನ್ನ ಕೈಗೆ ಕೊಟ್ಟಳು. ಈ ಕಡೆ ಯಾರನ್ನು ಹೊರಗಿಟ್ಟರು, ಆ ಕಡೆ ಇಟ್ಟವರು ಯಾರು. ಭಾನುವಾರ ಎಲ್ಲರೆದುರು ಓದುತ್ತಾಳಂತೆ, ಸಭೆಯ ಪರವಾಗಿ ಕ್ಷಮೆ ಕೇಳುತ್ತಾಳಂತೆ. ಎಷ್ಟು ಜಾಣೆ ನೋಡು, ನನ್ನ ಬೆಂಕಿಯನ್ನು ನನ್ನ ಒಲೆಗೇ ಹಾಕಿದಳು.

ಇವತ್ತು ಬೆಳಿಗ್ಗೆ ಕೂತು ಬರೆದೆ. ಗಂಡನಿಲ್ಲದ ಹೊಲಿಗೆಯವಳ ಕೂಸಿಗೆ ದೀಕ್ಷಾಸ್ನಾನ ಕೊಡದೆ ಕಳಿಸಿದ್ದು, ಅವತ್ತಿನ ಕಾರ್ಯದರ್ಶಿ. ಚರ್ಮದ ಕಾರ್ಖಾನೆಯವನನ್ನು ವಾಸನೆ ಬರುತ್ತದೆಂದು ಹಿಂದಿನ ಬೆಂಚಿಗೆ ಅಟ್ಟಿದ್ದು, ಗಾಯನ ತಂಡದ ಮುಖ್ಯಸ್ಥ. ಜೈಲಿನಿಂದ ಬಂದವನ ಕೈ ಕುಲುಕದೆ ತಿರುಗಿಕೊಂಡದ್ದು, ನಮ್ಮಪ್ಪ. ಒಂದೇ ಮನೆಯಲ್ಲಿ ಬಾಳುತ್ತಿದ್ದ ಆ ಇಬ್ಬರು ಟೀಚರುಗಳನ್ನು ಮಕ್ಕಳ ತರಗತಿಯಿಂದ ತೆಗೆದದ್ದು ನಾಲ್ವರು ಹಿರಿಯರು, ಅವರಲ್ಲೂ ಅಪ್ಪ ಇದ್ದರು. ಅಪ್ಪನ ಹೆಸರನ್ನು ಎರಡು ಸಲ ಬರೆದೆ. ಹೀಗೆ ಹನ್ನೊಂದು ಸಾಲು ತುಂಬಿದವು. ಹನ್ನೆರಡನೆಯದು ನೀನು. ಎಡಗಡೆ ನಿನ್ನ ಹೆಸರು ಬರೆದಿದ್ದೇನೆ. ಬಲಗಡೆ ಇನ್ನೂ ಏನೂ ಬರೆದಿಲ್ಲ. ಕಾಗದ ಮುಗಿಸಿ ನೋಡೋಣ ಎಂದು ಬಿಟ್ಟಿದ್ದೇನೆ.

ಆದ್ದರಿಂದ ನನ್ನ ಸಲಹೆ: ಈ ಭಾನುವಾರ ಬರಬೇಡ. ನಿನ್ನ ಹೆಸರು ಓದುವ ಹೊತ್ತಿಗೆ ನೀನೇ ಅಲ್ಲಿ ಕೂತಿದ್ದರೆ ಎಲ್ಲರ ಕಣ್ಣೂ ನಿನ್ನ ಮೇಲಿರುತ್ತದೆ. ನಿನ್ನ ಗಡಿಯಾರದವನ ಸೊಂಟದ ಆಪರೇಷನ್ ಆಗಿ ಎರಡು ತಿಂಗಳೂ ಆಗಿಲ್ಲ, ಮೆಟ್ಟಿಲು ಹತ್ತಲಾರ. (ಈಗ ಇಳಿಜಾರು ದಾರಿ ಮಾಡಿದ್ದಾರೆ, ಅದು ಬೇರೆ ಮಾತು.) ಮುಂದಿನ ತಿಂಗಳು ಯೋಚಿಸೋಣ. ಆ ಚೀಟಿಯನ್ನು ನಂಬಿ ಹೊರಡಬೇಡ.

ಇನ್ನೊಂದು. ಹಳೆಯ ಪಾದ್ರಿಗಳು ಇನ್ನೂ ಇದ್ದಾರೆ. ಎಂಬತ್ತಾರು ವರ್ಷ, ಕಿವಿಗೆ ಯಂತ್ರ, ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಿನ್ನೆ ನನ್ನ ಕೈ ಹಿಡಿದುಕೊಂಡು ನಿನ್ನನ್ನು ವಿಚಾರಿಸಿದರು. ಬಸ್ಸು ಹೋಗಿಬಿಡುತ್ತದೆ ಎಂದು ಹೇಳಿ ಬಂದುಬಿಟ್ಟೆ. ಎಂದಾದರೂ ಸಿಕ್ಕರೆ ಅವರ ಮಾತಿಗೆ ಹೆಚ್ಚು ಕಿವಿಗೊಡಬೇಡ. ವಯಸ್ಸಾಗಿದೆ, ಜ್ಞಾಪಕ ಹಾಳಾಗಿದೆ, ಏನೇನೋ ಹೇಳುತ್ತಾರೆ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೋ. ಮೊಮ್ಮಕ್ಕಳಿಗೆ ಮುತ್ತು.

ಈ ಲೋಕದಲ್ಲಿ ನಿನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಅನುಮಾನಿಸುವ
ನಿನ್ನ ಅಕ್ಕ

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಅಭ್ಯಾಸದಂತೆ ಒಮ್ಮೆ ಓದಿದೆ. ಇಷ್ಟು ತಪ್ಪುಳ್ಳ ಕರಡನ್ನು ನಾನು ಯಾವತ್ತೂ ಅಚ್ಚಿಗೆ ಬಿಟ್ಟವಳಲ್ಲ. ಹರಿದುಹಾಕಿ ಹೊಸದಾಗಿ ಬರೆದರೆ ಚಂದವಾಗಿ ಬರೆದುಬಿಡುತ್ತೇನೆ, ಆದ್ದರಿಂದ ಹಾಗೆಯೇ ಕಳಿಸುತ್ತಿದ್ದೇನೆ.

ಪಾದ್ರಿಗಳ ಜ್ಞಾಪಕ ಹಾಳಾಗಿಲ್ಲ. ನಿನ್ನೆ ಅವರು ಹೇಳಿದ್ದು ಇದು: “ನಿಮ್ಮ ತಂಗಿ ಆವತ್ತು ಯಾಕೆ ಬರಲಿಲ್ಲಮ್ಮ? ಬರ್ತಾಳೆ ಅಂತ ಹತ್ತು ನಿಮಿಷ ಕಾದು ಆರಾಧನೆ ಶುರು ಮಾಡಿದೆ.”

ನಿನ್ನ ಮದುವೆಯಾದ ಮೇಲೆ ಅವರು ಮೂರು ವಾರ ಹಿರಿಯರ ಜೊತೆ ಜಗಳವಾಡಿ ಅವರನ್ನು ಒಪ್ಪಿಸಿದ್ದರು. ಆ ಶನಿವಾರ ಸಂಜೆ ನಿನ್ನ ಬಿಲ್ಲೆ ಹಿಡಿದು ನಿನ್ನ ಮನೆಗೇ ಹೊರಟಿದ್ದವರು ಅಚ್ಚುಕೂಟದ ಗೇಟಿನಲ್ಲಿ ನನಗೆ ಸಿಕ್ಕರು. ನಾನೇ ಕೊಡುತ್ತೇನೆ ಎಂದು ಕೇಳಿ ಇಸಿದುಕೊಂಡೆ. ನಾಳೆ ಇಬ್ಬರೂ ಬಂದು ಮೂರನೆಯ ಬೆಂಚಿನಲ್ಲೇ ಕೂರಲಿ ಎಂದರು. ನಾನು ಬಿಟ್ಟುಕೊಟ್ಟದ್ದನ್ನು ನೀನು ಇಟ್ಟುಕೊಂಡೂ ನನ್ನ ಪಕ್ಕದಲ್ಲೇ ಕೂತು ಅದೇ ರೊಟ್ಟಿ ತಿನ್ನುವುದನ್ನು ಆ ಸಂಜೆ ನನ್ನಿಂದ ಊಹಿಸಲೂ ಆಗಲಿಲ್ಲ. ನಿನಗೆ ಏನೂ ಬರಲಿಲ್ಲ ಎಂದೆ. ಮರುದಿನ ಆರಾಧನೆ ಮುಗಿದ ಮೇಲೆ ಅವರಿಗೆ, ಅವಳು ಬರುವುದಿಲ್ಲವೆಂದಳು ಎಂದೆ. ಒಂದು ವಾರ ಕಳೆದರೆ ಹೇಳೋಣ ಎಂದುಕೊಂಡೆ. ಆಮೇಲೆ ನೀನು ನನ್ನ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಆಮೇಲೆ ಪತ್ರಿಕೆಗೆ ಬರೆದೆ. ಆಮೇಲೆ ಹೇಳುವ ದಾರಿಯೇ ಉಳಿಯಲಿಲ್ಲ. ಆ ಸಭೆಗೆ ನಾನು ಹೋಗದೆ ಇದ್ದದ್ದು ನಿನಗೋಸ್ಕರ ಅಲ್ಲ. ಆ ಪಾದ್ರಿಗಳ ಮುಖ ನೋಡಲಾಗದೆ.

ಬಿಲ್ಲೆ ಇಷ್ಟು ವರ್ಷ ನನ್ನ ಹಳೆಯ ಕನ್ನಡಕದ ಡಬ್ಬಿಯಲ್ಲಿತ್ತು. ಹತ್ತಿಯಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ನೂರ ಹನ್ನೆರಡು, ನಿನ್ನ ಸಂಖ್ಯೆಯೇ. ಶನಿವಾರ ನಿನ್ನ ಕೈ ಸೇರುತ್ತದೆ.

ಹನ್ನೆರಡನೆಯ ಸಾಲಿನ ಬಲಗಡೆ ಈಗ ‘ಅವಳ ಅಕ್ಕ’ ಎಂದು ಬರೆದೆ. ಇದನ್ನು ಅಂಚೆಗೆ ಹಾಕಲು ಹೋಗುವಾಗ ಆ ಹಾಳೆಯನ್ನು ಪಾದ್ರಿಯಮ್ಮನಿಗೆ ಕೊಟ್ಟು ಹೋಗುತ್ತೇನೆ, ಮನಸ್ಸು ಬದಲಾಗುವ ಮೊದಲು.

ನೀನು ಭಾನುವಾರ ಹೋಗು, ನಿನ್ನ ಗಡಿಯಾರದವನನ್ನೂ ಕರೆದುಕೊಂಡು ಹೋಗು. ಇಳಿಜಾರು ಬಲಗಡೆಗಿದೆ. ನಾನು ಬರಲಾ?