ಬೀಗದ ಕೈ ಇಲ್ಲದೆ ಮೂವತ್ತೊಂದು ಪಾಠ

ಜೂನ್ 3
ಹದಿನೆಂಟು ಕೆಮ್ಮು, ಒಂದು ಸೀನು. ಊಟಕ್ಕೆ ಕೂತಾಗ ಅಣ್ಣ ಕಿಚಾಯಿಸೋದು ಶುರು.
“ಏನೋ, ಇವತ್ತೆಷ್ಟು ಕೆಮ್ಮು ಕತ್ತರಿಸ್ದೆ? ಕಣ್ಣು ಕಾಣದ ಮಕ್ಕಳಿಗೆ ಯಾರೋ ಪಾಠ ಓದ್ತಾರೆ, ನೀನು ಅವರ ಕೆಮ್ಮು ತೆಗೀತೀಯ. ಅದೂ ಒಂದು ಕೆಲಸವಾ?”
ಅತ್ತಿಗೆ ನಕ್ಕರು. ನಾನು ನಗಲಿಲ್ಲ. ನಮ್ಮ ರೆಕಾರ್ಡಿಂಗ್ ಕೇಂದ್ರಕ್ಕೆ ಟೀಚರಮ್ಮ ಓದಿಕೊಟ್ಟ ವಿಜ್ಞಾನ ಪಾಠ ಮೂವತ್ತೊಂದು. ಎಲ್ಲದರಲ್ಲೂ ಫ್ಯಾನಿನ ಗುಂಯ್. ಅದಕ್ಕೇ ಇಪ್ಪತ್ತನೇ ತಾರೀಖು ಎಲ್ಲ ಅಳಿಸಿ, ಬೇರೆಯವರ ಕೈಲಿ ಓದಿಸುತ್ತಾರಂತೆ. ಟೀಚರಮ್ಮನೇ ಮತ್ತೆ ಓದುವ ಹಾಗಿಲ್ಲ. ಗಂಟಲು ಆಪರೇಷನ್ ಆಗಿದೆ, ಧ್ವನಿ ಹೋಯಿತು. ಇನ್ನು ಅವರ ಧ್ವನಿ ಇರುವುದು ಆ ಗುಂಯ್ ಒಳಗೆ ಮಾತ್ರ.
ಹತ್ತನೇ ಕ್ಲಾಸಿನಲ್ಲಿ ನನ್ನ ತಲೆಗೆ ಹೋಗದ ವಿದ್ಯುತ್ ಪಾಠ ಅವರ ಬಾಯಲ್ಲಿ ಕೇಳಿ ಅರ್ಥವಾಯಿತು. ಅದನ್ನು ಅಳಿಸುತ್ತಾರಂತೆ. ನೋಡೋಣ.

ಜೂನ್ 4
ಕಂಪ್ಯೂಟರ್ ನೋಡಿಕೊಳ್ಳುವವರ ಹತ್ತಿರ ಹೋದೆ. ಬೀಗದ ಸರ್ ಅಂತ ನಾವಿಟ್ಟ ಹೆಸರು. ರೂಟ್ ಅನ್ನುವ ಯಜಮಾನ ಖಾತೆಯ ಪಾಸ್‌ವರ್ಡ್ ಅವರೊಬ್ಬರ ಹತ್ತಿರ. ಅದಿಲ್ಲದೆ ಮಷೀನಿಗೆ ಏನನ್ನೂ ಹಾಕುವ ಹಾಗಿಲ್ಲ.
“ಫ್ಯಾನ್ ಸದ್ದು ತೆಗೆಯೋ ಸಾಫ್ಟ್‌ವೇರ್ ಪ್ಯಾಕೇಜ್ ಒಂದಿದೆ ಸರ್. ಫ್ರೀ. ಹಾಕ್ಕೊಡಿ.”
“ನೀನು ಎಷ್ಟು ಓದಿದೀಯ?”
“ಹತ್ತು.”
“ಹತ್ತು ಓದಿದವನು ಹತ್ತು ಓದಿದವನ ಥರ ಇರು. ಹೋಗು.”
ಹೋದೆ. ಹೋಗಿ, ಕಮಾಂಡ್ ಬರೆಯುವ ಕಪ್ಪು ಕಿಟಕಿ, ಟರ್ಮಿನಲ್, ತೆರೆದು ನಾನೇ ಕಮಾಂಡ್ ಕೊಟ್ಟೆ. ನಿನಗೆ ಅಧಿಕಾರವಿಲ್ಲ, ಈ ಘಟನೆಯ ವರದಿ ಹೋಗುತ್ತದೆ ಅಂತ ಇಂಗ್ಲಿಷಿನಲ್ಲಿ ಬಂತು.
ಹೋಗಲಿ. ನನ್ನ ಹೆಸರಿನ ಸ್ಪೆಲ್ಲಿಂಗಾದರೂ ಸರಿಯಾಗಿ ಬರೆಯಲಿ.

ಜೂನ್ 7
ಸಿಕ್ಕಿತು ದಾರಿ! ಇಡೀ ಮಷೀನು ಬೀಗದ ಸರ್‌ದು. ಆದರೆ ಪ್ರತಿಯೊಬ್ಬರಿಗೂ ಅದರಲ್ಲಿ ತಮ್ಮದೇ ಒಂದು ಹೋಮ್ ಫೋಲ್ಡರ್ ಇದೆ. ಪ್ಯಾಕೇಜನ್ನು ಅದರೊಳಗೇ ಹಾಕಿಕೊಳ್ಳಬಹುದು. ಯಾರ ಅಪ್ಪಣೆಯೂ ಬೇಡ.
ಹಾಕಲು ಹೋದರೆ ಅದಕ್ಕೆ ಇನ್ನೊಂದು ಪ್ಯಾಕೇಜ್ ಬೇಕಂತೆ. ಇನ್ನೊಂದಕ್ಕೆ ಮತ್ತೆರಡು. ಕೇಂದ್ರದಲ್ಲಿ ಫೋನ್ ತೆಗೆಯುವ ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು.
“ಏನೋ ಇದು, ಅಳಿಯನ್ನ ಕರೆದ್ರೆ ಬೀಗರೆಲ್ಲ ಬಂದ ಹಾಗಿದೆ!”
“ಬರಲಿ ಅಕ್ಕ. ಜಾಗ ಇದೆ.”
ಜಾಗ ಇರಲಿಲ್ಲ. ನನ್ನ ಸಿನಿಮಾ ಹಾಡುಗಳನ್ನೆಲ್ಲ ಅಳಿಸಿದೆ. ಎಲ್ಲವನ್ನೂ.

ಜೂನ್ 8
ಕೆಟ್ಟೆ. ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಮಷೀನಿಗೆ ತಿಳಿಸುವ ಸಾಲು ಒಂದಿದೆ. ಅದರಲ್ಲಿ ನನ್ನ ಫೋಲ್ಡರ್ ಒಂದನ್ನೇ ಬರೆದೆ, ಹಳೆಯ ಜಾಗಗಳನ್ನು ಸೇರಿಸಲು ಮರೆತೆ. ಆಮೇಲೆ ಏನು ಕೇಳಿದರೂ — ಅಂಥದ್ದು ಇಲ್ಲ. ಫೈಲ್ ಪಟ್ಟಿ ತೋರಿಸು ಅಂದರೂ ಅಂಥದ್ದು ಇಲ್ಲ! ಕಣ್ಣೆದುರೇ ಇವೆ, ಮಷೀನಿಗೆ ಗುರುತಿಲ್ಲ.
ಬೀಗದ ಸರ್ ಹತ್ತಿರ ಹೋಗಬೇಕಿತ್ತು. ಹೋಗುವವನಲ್ಲ.
ಊಟ ಬಿಟ್ಟು ಕೂತೆ. ಮೂರು ಗಂಟೆಗೆ ಹೊಳೆಯಿತು. ಪ್ರತಿ ಕಮಾಂಡನ್ನೂ ಅದರ ಪೂರ್ತಿ ವಿಳಾಸ ಹೇಳಿ ಕರೆದೆ, ಬೀದಿಯಿಂದ ಬಾಗಿಲ ತನಕ. ಒಂದೊಂದಾಗಿ ಬಂದವು. ಸಾಲು ತಿದ್ದಿದೆ. ಏನೇನು ಹಾಕಿದೆ, ಯಾವ ಕ್ರಮದಲ್ಲಿ, ಎಲ್ಲಿ ಎಡವಿದೆ, ಎಲ್ಲ ಈ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟೆ.

ಜೂನ್ 14
ಇಪ್ಪತ್ತು ಪಾಠದಿಂದ ಗುಂಯ್ ತೆಗೆದಾಯಿತು. ಟೀಚರಮ್ಮ ಬಂದಿದ್ದರು. ಕತ್ತಿಗೆ ಬಿಳಿ ಪಟ್ಟಿ. ಚೀಟಿಯಲ್ಲಿ ಬರೆದರು: ಉಳಿಯುತ್ತಾ?
“ಉಳಿಯುತ್ತೆ ಅಮ್ಮ.”
ಮತ್ತೊಂದು ಚೀಟಿ: ಸುಳ್ಳು ಹೇಳಬೇಡ.
“ಹತ್ತನೇ ಕ್ಲಾಸಿನ ಮೇಷ್ಟ್ರಾಣೆ.”
ನಕ್ಕರು. ನಗುವಿಗೂ ಸದ್ದಿರಲಿಲ್ಲ.

ಜೂನ್ 19, ಮಧ್ಯಾಹ್ನ 2
ವರದಿ ಬೀಗದ ಸರ್‌ಗೆ ತಲುಪಿತು, ಹದಿನೈದು ದಿನ ಬಿಟ್ಟು!
“ಯಾರನ್ನ ಕೇಳಿ ಹಾಕ್ದೆ?”
“ನನ್ನ ಹೋಮಲ್ಲಿ ಹಾಕ್ದೆ ಸರ್. ನಿಮ್ಮ ಜಾಗ ಮುಟ್ಟಿಲ್ಲ.”
“ಹೋಮ್ ಕೊಟ್ಟಿದ್ದು ಯಾರು?”
ಆಮೇಲೆ ನನ್ನ ಲಾಗಿನ್ನೇ ಬಂದ್. ಇಪ್ಪತ್ತೇಳು ಪಾಠ ಕೇಂದ್ರದ ಫೋಲ್ಡರಿಗೆ ಸೇರಿವೆ. ನಾಲ್ಕು ಬಾಕಿ. ನಾಳೆ ಅಳಿಸುತ್ತಾರೆ.

3.20
ಅಕ್ಕ ತನ್ನ ಲಾಗಿನ್ ತೆರೆದು ಕೂತಳು. “ಪುಸ್ತಕ ತೆಗಿ. ನೀನು ಹೇಳು, ನಾನು ಹೊಡೀತೀನಿ.”
“ನಿನ್ನ ಕೆಲಸ ಹೋದ್ರೆ?”
“ಹೋದ್ರೆ ಹೋಗ್ಲಿ. ಈ ಫೋನು ಸಾಕಾಗಿದೆ ಕಣೋ. ಮೊದಲನೇ ಸಾಲು ಹೇಳು.”
ಪ್ಯಾಕೇಜ್ ಹಾಕಲು ನನಗೆ ಐದು ದಿನ ಹಿಡಿದದ್ದು ಮುಕ್ಕಾಲು ಗಂಟೆಗೆ ಮುಗಿಯಿತು. ಅವಳ ಹೋಮು, ಅವಳ ಬೆರಳು, ನನ್ನ ಪುಟ.

4.50
ಮೂವತ್ತೊಂದು.

5.05
ಬೀಗದ ಸರ್ ಬಂದರು. “ನಿನ್ನ ಹೋಮ್ ಅಳಿಸಿ ಹಾಕ್ದೆ.”
“ಒಳ್ಳೇದಾಯ್ತು ಸರ್. ಇದು ಕೇಳಿ.”
ಹೆಡ್‌ಫೋನ್ ತೆಗೆದುಕೊಂಡರು, ಕಿವಿಗೆ ಹಾಕಲಿಲ್ಲ. ಎಳೆದು ಪಕ್ಕಕ್ಕಿಟ್ಟರು. ವೈರ್ ಕಿತ್ತುಬಂತು. ಸ್ಪೀಕರ್‌ನಿಂದ ಟೀಚರಮ್ಮ ಓದತೊಡಗಿದರು, ವಿದ್ಯುತ್ ಪಾಠ. ಆಫ್ ಮಾಡಲು ಸರ್ ಕೈ ಮುಂದೆ ಬಂತು. ಅಲ್ಲೇ ನಿಂತಿತು. ಇನ್ನೂ ಅಲ್ಲೇ ಇದೆ. ನಾನು ಬರೆಯುತ್ತಿದ್ದೇನೆ, ಬೈದರೆ ಬೈಯಲಿ.
ಅಕ್ಕ ಎದ್ದು ಹೋಗಿ ತಲೆಯ ಮೇಲಿನ ಫ್ಯಾನ್ ಆರಿಸಿದಳು. ಈಗ ಕೋಣೆಯಲ್ಲಿ ಟೀಚರಮ್ಮ ಒಬ್ಬರೇ —